ಕಾಡವ್ವನ ಅರ್ಧ ತಾಸು

ರಾತ್ರಿ ಹನ್ನೆರಡೂವರೆ. ಸಾಯಿರಾಬಿ ಹಳೇ ಬಾವಿಯ ಬಾಜೂ ನಡೆದುಕೊಂಡು ಬರುತ್ತಿದ್ದಳು. ಒಬ್ಬಳೇ. ಕೈಯಲ್ಲಿ ಪಿಕಪ್ಪಿನ ಚಾವಿ ಇತ್ತು. ಪಿಕಪ್ಪು ಇರಲಿಲ್ಲ.

ಪಿಕಪ್ಪು ಹಿಂದೆ, ಇಳುಕಲಿನ ಬುಡದಲ್ಲಿ, ಬೇವಿನ ಮರಕ್ಕೆ ಮುಖ ಮಾಡಿ ನಿಂತಿತ್ತು. ಅವಳೇ ನಿಲ್ಲಿಸಿ ಬಂದಿದ್ದಳು. ಇಳುಕಲು ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟದ್ದೇ ತಡ, ಸ್ಟೇರಿಂಗು ಅವಳ ಕೈಯಲ್ಲಿ ನಡುಗಲು ಶುರುವಾಗಿತ್ತು. ಸಣ್ಣ ನಡುಕ ಅಲ್ಲ. ದಡ್-ದಡ್-ದಡ್-ದಡ್... ಯಾರೋ ಎದುರಿಗೆ ಕೂತು, ಎರಡೂ ಕೈಯಿಂದ ಹಿಡಿದು ಅಲುಗಿಸಿದ ಹಾಗೆ. ಕಾಲ ಕೆಳಗಿನ ಪೆಡಲು ಅದೇ ತಾಳಕ್ಕೆ ಎದ್ದೆದ್ದು ಅಂಗಾಲಿಗೆ ಹೊಡೆಯುತ್ತಿತ್ತು. ಕಾಲು ತೆಗೆದರೆ... ಎಲ್ಲ ಶಾಂತ. ಇಟ್ಟರೆ ಮತ್ತೆ ದಡ್-ದಡ್-ದಡ್.

ಹೇಗೋ ಕೆಳಗೆ ಮುಟ್ಟಿಸಿದಳು. ನೀರು ಹಾಕಿದಳು, ಅದೇನು ನೀರು ಎಂದು ಆಮೇಲೆ ಹೇಳುತ್ತೇನೆ. ಆ ಗಾಡಿಯಲ್ಲಿ ಮತ್ತೆ ಕೂರುವ ಧೈರ್ಯವಾಗದೆ ಊರಿನ ಕಡೆ ನಡೆದಳು.

ಬಾವಿ ದಾಟಿ ಹತ್ತು ಹೆಜ್ಜೆ ಹಾಕಿರಬೇಕು.

ಕಿರ್ರ್... ಕಿರ್ರ್... ಕಿರ್ರ್...

ಎಣ್ಣೆ ಕಾಣದ ಗಡಗಡಿ, ಬಾವಿಯ ರಾಟೆ, ತಿರುಗುವ ಸದ್ದು. ಹಗ್ಗ ಮೇಲಕ್ಕೆ ಬರುತ್ತಿತ್ತು. ತುಂಬಿದ ಕೊಡದ ಭಾರ ಅದರಲ್ಲಿತ್ತು. ನೀರು ಸೇದಿದವರಿಗೆ ಆ ವ್ಯತ್ಯಾಸ ತಿಳಿಯುತ್ತದೆ. ಸಾಯಿರಾಬಿ ನಿಂತಳು. ಸದ್ದೂ ನಿಂತಿತು. ನಡೆದಳು. ಮತ್ತೆ ಕಿರ್ರ್...

ಆ ಬಾವಿಯ ಮೇಲೆ ಪಂಚಾಯಿತಿಯವರು ಕಬ್ಬಿಣದ ಜಾಳಿಗೆ ಹೊದಿಸಿ ಬೀಗ ಹಾಕಿ ಆರು ವರ್ಷವಾಗಿದೆ. ಗಡಗಡಿ ಅದಕ್ಕೂ ಮೊದಲೇ ಗುಜರಿಗೆ ಹೋಗಿದೆ.

ಇದು ಕೇಳಿದ ಕತೆಯಲ್ಲ. ಸಾಯಿರಾಬಿ ನಮ್ಮ ಬಾಜೂ ಮನೆಯವಳು. ಮೇಲವಂಕಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತದೆ. ಆ ರಾತ್ರಿ ಅವಳು ಬಾಗಿಲು ತೆಗೆದದ್ದು, ಒಂದು ತಂಬಿಗೆ ನೀರು ಕುಡಿದದ್ದು, ಮಗಳು ಉಜ್ಮಾಗೆ ಹೇಳಿದ್ದು, ಎಲ್ಲವೂ ನನಗೆ ಕೇಳಿಸಿದೆ.

"ಗಾಡಿ ಎಲ್ಲಿ ಅಮ್ಮೀ?"

"ಇಳುಕಲಿನ ಬುಡಕ ಐತಿ. ಯಾರಿಗೂ ಹೇಳಬ್ಯಾಡ."

ಬೆಳಿಗ್ಗೆ ಏಳಕ್ಕೆ ಇಡೀ ಊರಿಗೆ ಗೊತ್ತಿತ್ತು. ನಾನು ಹೇಳಲಿಲ್ಲ. ನಾಲ್ಕೈದು ಜನರಿಗೆ ಬಿಟ್ಟರೆ.

ಈಗ ಆ ನೀರಿನ ವಿಷಯ.

ಹುಕ್ಕೇರಿ ಕಡೆಯಿಂದ ನಮ್ಮೂರಿಗೆ ಬರುವ ಒಳದಾರಿಯಲ್ಲಿ ಉದ್ದನೆಯ ಇಳುಕಲು ಒಂದಿದೆ. ನಮ್ಮಜ್ಜನ ಕಾಲದಲ್ಲಿ ಅದರ ಬುಡದ ಬಾವಿಯ ಹತ್ತಿರ ಕಾಡವ್ವ ಎಂಬ ಮುದುಕಿ ಕೂತಿರುತ್ತಿದ್ದಳು. ಹೋಗಿಬರುವವರಿಗೆ ನೀರು ಕೊಡುವುದು ಅವಳ ಕೆಲಸ. ಯಾರೂ ಹೇಳಿದ್ದಲ್ಲ, ಅವಳೇ ಹಿಡಿದ ಕೆಲಸ. ಒಂದು ರಾತ್ರಿ ಸಾಮಾನು ತುಂಬಿದ ಲಾರಿಯೊಂದು ಇಳಿದು ಬಂದು ನಿಂತಿತು. ಮುಂದಿನ ಗಾಲಿಯಿಂದ ಹೊಗೆ ಬರುತ್ತಿತ್ತು. ಬೆಂಕಿ ಹತ್ತಿದೆ ಎಂದುಕೊಂಡು ಕಾಡವ್ವ ತಾಮ್ರದ ಕೊಡ ಹೊತ್ತು ಓಡಿದಳು. ನೀರು ಹಾಕಬೇಕು, ಅಷ್ಟರಲ್ಲಿ ಲಾರಿ ಮುಂದಕ್ಕೆ ಉರುಳಿತು. ಕೊಡ ತುಂಬಿದ್ದು ತುಂಬಿದ್ದಂತೆಯೇ ಉಳಿಯಿತಂತೆ. ಕಾಡವ್ವ ಉಳಿಯಲಿಲ್ಲ.

ಅಂದಿನಿಂದ ನಮ್ಮ ಡ್ರೈವರುಗಳು ಇಳುಕಲು ಇಳಿದ ಕೂಡಲೇ ಗಾಡಿ ನಿಲ್ಲಿಸಿ, ಮುಂದಿನ ಎರಡೂ ಗಾಲಿಗೆ ಒಂದೊಂದು ಕೊಡ ನೀರು ಹಾಕುತ್ತಾರೆ. ಇದಕ್ಕೆ ಕಾಡವ್ವನ ನೀರು ಎಂದು ಹೆಸರು. ಹಾಕದೆ ಹೋದವನ ಸ್ಟೇರಿಂಗನ್ನು ಮುಂದಿನ ಸಲ ಅವಳು ಹಿಡಿಯುತ್ತಾಳೆ ಎಂದು ನಂಬಿಕೆ. ಮೊದಲು ಬಾವಿಯಿಂದ ಸೇದುತ್ತಿದ್ದರು. ಬಾವಿಗೆ ಬೀಗ ಬಿದ್ದ ಮೇಲೆ ಪಕ್ಕದಲ್ಲಿ ಪಂಚಾಯಿತಿಯ ಪ್ಲಾಸ್ಟಿಕ್ ಟಾಕಿ ಬಂತು, ನಳ ಬಂತು, ಯಾರೋ ಪುಣ್ಯಾತ್ಮರು ನೀಲಿ ಕೊಡ ತಂದಿಟ್ಟರು. ದೆವ್ವಕ್ಕೆ ನಳದ ನೀರು ನಡೆಯುತ್ತದೆಯೇ ಎಂದು ಆಗ ಸ್ವಲ್ಪ ಚರ್ಚೆಯಾಗಿತ್ತು. ನಡೆಯುತ್ತದೆ ಎಂದು ತೀರ್ಮಾನವಾಯಿತು. ತೀರ್ಮಾನಿಸಿದವರು ಡ್ರೈವರುಗಳು.

ಸಾಯಿರಾಬಿಯ ಗಂಡ ಅನೀಸ ಹದಿನಾಲ್ಕು ವರ್ಷ ತಪ್ಪದೆ ಈ ನೀರು ಹಾಕಿದವನು. ಎರಡು ವರ್ಷದ ಹಿಂದೆ ಕಾಮಾಲೆಯಾಗಿ ತೀರಿಕೊಂಡ. ಬದುಕಿದ್ದಾಗಲೇ ಹೆಂಡತಿಗೆ ಗಾಡಿ ಕಲಿಸಿದ್ದ. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಕಳೆದ ಮೇಲೆ ಅವಳು ಲೈಸೆನ್ಸಿಗೆ ಅರ್ಜಿ ಹಾಕಿದಳು. ಆಮೇಲೆ ಪಿಕಪ್ಪು ಹೊರಗೆ ತೆಗೆದಳು. ಕುರಿ, ಈರುಳ್ಳಿ, ಬೆಲ್ಲ, ಮದುವೆಯ ಪಾತ್ರೆ, ಏನು ಹೇಳಿದರೂ ಒಯ್ಯುತ್ತಾಳೆ. ಕಾಡವ್ವನ ನೀರನ್ನು ಅವಳೂ ಒಂದು ಸಲ ತಪ್ಪಿಸಿಲ್ಲ. ಮಗಳ ಕಾಲೇಜು, ಒಲೆ, ಮನೆ, ಎಲ್ಲ ಆ ಗಾಡಿಯ ಮೇಲೆ. ಊರಿಗೆ ಮಾತ್ರ ಎರಡು ವರ್ಷವಾದರೂ ಇದು ರೂಢಿಯಾಗಲಿಲ್ಲ. ಅವಳು ರಿವರ್ಸ್ ತೆಗೆಯುವಾಗ ಈಗಲೂ ಮೂರು ಜನ ಬಂದು ಕೈ ಬೀಸುತ್ತಾರೆ. ಒಬ್ಬರಿಗೂ ಗಾಡಿ ಬರುವುದಿಲ್ಲ.

ಹಾಗಾಗಿ ಸ್ಟೇರಿಂಗು ನಡುಗಿದ ಸುದ್ದಿ ಬಂದಾಗ ಊರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿತು. ಕಾಡವ್ವನಿಗೆ ಹೆಂಗಸು ಗಾಡಿ ಹೊಡೆಯುವುದು ಸೇರಿಲ್ಲ.

ಎಲ್ಲರಿಗಿಂತ ಮೊದಲು ಬಂದವನು ದಸ್ತಗೀರ. ಅನೀಸನ ಅಣ್ಣ. ಪಿಕಪ್ಪಿನ ಎರಡನೇ ಚಾವಿ ತಮ್ಮ ಸತ್ತ ದಿನದಿಂದ ಅವನ ಜೇಬಿನಲ್ಲೇ ಇತ್ತು. ಗಾಡಿ ಅವನ ಹೆಸರಲ್ಲಿಲ್ಲ, ಅವನು ಅದನ್ನು ಹೊಡೆದವನೂ ಅಲ್ಲ. ಚಾವಿ ಮಾತ್ರ ಇತ್ತು. ದಿನಕ್ಕೊಮ್ಮೆ ಜೇಬಿನೊಳಗೆ ಅದನ್ನು ಝಣ್ ಎನ್ನಿಸುತ್ತಿದ್ದ, ಅಷ್ಟೇ.

ಅವರ ಮನೆ ಮಾತು ಉರ್ದು, ಉಜ್ಮಾಗೆ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದಿದ್ದೇನೆ. ಜಗಳ ಮಾತ್ರ ಕನ್ನಡದಲ್ಲಿ. ಓಣಿಗೆ ಅನ್ಯಾಯವಾಗಬಾರದು ಎಂದು.

"ಸಾಯಿರಾ, ಇನ್ನ ಸಾಕು ಮಾಡು. ಗಾಡಿ ನನ್ನ ಕಡೆ ಬಿಡು. ಆಕಿ ನಿನ್ನ ಕೈ ಹಿಡದಾಳ, ನಾಳಿ ಕುತ್ತಿಗಿ ಹಿಡೀತಾಳ."

"ಕೈ ಹಿಡದಿಲ್ಲ ಭಾಯಿ, ಸ್ಟೇರಿಂಗ ಹಿಡದಾಳ."

"ಅದ ಅದು! ಹೆಣಮಗಳು ಗಾಡಿ ಹೊಡಿಯೂದು ಆಕಿಗಿ ಆಗಿಬರೂದಿಲ್ಲ."

"ಆಕೀನೂ ಹೆಣಮಗಳ. ರಾತ್ರಿ ಹಗಲ ರಸ್ತಾದಾಗ ಕುಂತಿದ್ಲು. ಯಾರರೇ ಬ್ಯಾಡ ಅಂದಿದ್ರೇನು?"

ದಸ್ತಗೀರ ಜೇಬಿನ ಚಾವಿ ಝಣ್ ಎನ್ನಿಸಿದ.

"ಶುಕ್ರವಾರ ರಾತ್ರಿ ಮಾಳಪ್ಪನ ಕುರಿ ಅದಾವಲ್ಲ," ಅಂದ. "ಹುಕ್ಕೇರಿಂದ ಮೂಡಲಗಿಗೆ. ನಾನೂ ಬರ್ತೇನಿ, ನಿನ್ನ ಬಾಜೂಕ ಕುಂಡ್ರತೇನಿ. ಇಳುಕಲಿನ್ಯಾಗ ಸ್ಟೇರಿಂಗ ನಡುಗಿತಂದ್ರ ನಿನ್ನ ಚಾವಿ ನನ್ನ ಕೈಯಾಗ ಇಡಬೇಕು."

"ನಡುಗಲಿಲ್ಲ ಅಂದ್ರ?"

ಹೀಗೂ ಆಗಬಹುದೆಂದು ಅವನು ಯೋಚಿಸಿರಲಿಲ್ಲ. ಓಣಿಯೇ ಬಾಗಿಲಲ್ಲಿ ನಿಂತಿತ್ತು. "ನಡುಗಲಿಲ್ಲ ಅಂದ್ರ... ಈ ಚಾವಿ ನಿನ್ನ ಕೈಯಾಗ," ಅಂದ.

ಅವತ್ತು ಬುಧವಾರ.

ಮಧ್ಯಾಹ್ನ ಸಾಯಿರಾಬಿ ಪಿಕಪ್ಪನ್ನು ಬ್ರೇಕಿಗೆ ಕಾಲು ಮುಟ್ಟಿಸದೆ, ಬರೀ ಗೇರಿನ ಮೇಲೆ, ಎತ್ತಿನ ಗಾಡಿಯ ಹಿಂದೆ ಸಾಲು ಹಿಡಿದು ಗೋಕಾಕಕ್ಕೆ ಒಯ್ದಳು. ಅಲ್ಲಿ ಕಬ್ಬಿಣ ಕೆತ್ತಿ ಸಮ ಮಾಡುವ ಶಿದ್ಲಿಂಗಪ್ಪನ ಲೇಥ್ ಅಂಗಡಿ ಇದೆ. ಅರವತ್ತರ ಮನುಷ್ಯ. ಮಾತು ಕಡಿಮೆ, ಮೂಗಿನ ತುದಿಗೆ ಕನ್ನಡಕ. ಮುಂದಿನ ಗಾಲಿ ಬಿಚ್ಚಿ, ಒಳಗಿನ ಬ್ರೇಕ್ ಡಿಸ್ಕಿಗೆ, ಎಂದರೆ ಪ್ಯಾಡುಗಳು ಹಿಡಿದು ನಿಲ್ಲಿಸುವ ಆ ಕಬ್ಬಿಣದ ತಟ್ಟೆಗೆ, ಗಡಿಯಾರದಂಥ ಒಂದು ಅಳತೆಯ ಸಾಮಾನು ತಾಗಿಸಿ ಮೆಲ್ಲಗೆ ತಿರುಗಿಸಿದ. ಮುಳ್ಳು ಆ ಕಡೆ ಈ ಕಡೆ ಓಲಾಡಿತು.

"ಸೊಟ್ಟ ಆಗೇತಿ. ಕಣ್ಣಿಗಿ ಕಾಣೂದಿಲ್ಲ, ಕಾಲಿಗಿ ತಿಳೀತೈತಿ. ಅನೀಸ ವರ್ಷಕ್ಕ ಎರಡ ಸಲ ತರ್ತಿದ್ದ. ಪ್ರತಿ ಸಲ ಲೇಥಿಗೆ ಹಾಕಿ ಸಮ ಮಾಡಿ ಕೊಟ್ಟೇನಿ. ಕೆತ್ತಿ ಕೆತ್ತಿ ಹಪ್ಪಳ ಆಗೇತಿ. ಇನ್ನ ಕೆತ್ತಾಕ ಬರೂದಿಲ್ಲ ತಂಗಿ. ಹೊಸಾವ ಹಾಕ್ಬೇಕು."

ಸಾಯಿರಾಬಿಗೆ ಇದು ಹೊಸ ವಿಷಯ. ಗಂಡ ಗೋಕಾಕಕ್ಕೆ ಹೋದಾಗಲೆಲ್ಲ ಕರದಂಟು ತರುತ್ತಿದ್ದ. ಅದಕ್ಕೇ ಹೋಗುತ್ತಾನೆ ಎಂದು ಅವಳು ತಿಳಿದಿದ್ದಳು.

"ಯಾಕ ಸೊಟ್ಟ ಆಕ್ಕೈತಿ ಕಾಕಾ?"

ಶಿದ್ಲಿಂಗಪ್ಪ ಕನ್ನಡಕದ ಮೇಲಿಂದ ನೋಡಿದ. "ಮನ್ಯಾಗ ರೊಟ್ಟಿ ಹಂಚ ಐತಿಲ್ಲ? ಒಲಿ ಮ್ಯಾಲಿಂದ ಕಾಯ್ದ ಹಂಚ ತಂದು ನಳದ ಕೆಳಗ ಹಿಡಿತಿಯೇನ?"

"ನಾ ಹಿಡಿಯೂದಿಲ್ಲ. ಉಜ್ಮಾ ಒಮ್ಮೆ ಹಿಡದಿದ್ಲು. ಚುಂಯ್ಯ್ ಅಂತು. ಆವತ್ತಿಂದ ಒಲಿ ಮ್ಯಾಲ ಕುಂಡ್ರೂದ ಇಲ್ಲ, ಟಕ್-ಟಕ್ ಅಂತೈತಿ. ರೊಟ್ಟಿ ಒಂದ ಬದಿ ಹೊತ್ತು, ಒಂದ ಬದಿ ಹಸಿ..."

ಗಾಲಿಯನ್ನು ನೋಡಿದಳು. ಆಮೇಲೆ ಅವನನ್ನು.

"ಕಾಡವ್ವನ ನೀರು," ಅಂದಳು ಮೆಲ್ಲಗೆ.

"ನಾ ಏನೂ ಅಂದಿಲ್ಲ," ಅಂದ ಶಿದ್ಲಿಂಗಪ್ಪ.

"ಇಳುಕಲ ಇಳಿಯೂತನಕ ಬ್ರೇಕ್ ಕಾಯ್ದ ಕೆಂಡ ಆಗಿರ್ತೈತಿ. ಅದರ ಮ್ಯಾಲ ತಣ್ಣೀರ ಹೊಯ್ತೇವಿ. ಸೊಟ್ಟ ಆಕ್ಕೈತಿ. ಮುಂದಿನ ಸಲ ಅಲ್ಲೇ ಬ್ರೇಕ್ ಒತ್ತತೇವಿ, ನಡುಗತೈತಿ. ಆಕಿಗಿ ಸಿಟ್ಟ ಬಂದೈತಿ ಅಂತ ಎರಡ ಕೊಡ ಹೊಯ್ತೇವಿ!"

"ಇಪ್ಪತ್ತ ವರ್ಷದಿಂದ ನಿಮ್ಮ ಇಳುಕಲಿನ ಗಾಡಿ ನನ್ನ ಕಡೇನ ಬರ್ತಾವು."

"ಮತ್ತ ಯಾಕ ಯಾರಿಗೂ ಹೇಳ್ಲಿಲ್ಲ ಕಾಕಾ?"

"ಒಮ್ಮೆ ಹೇಳಿದ್ನಿ. ದೇವರ ವಿಷಯದಾಗ ಬಾಯಿ ಹಾಕಬ್ಯಾಡ ಅಂದ್ರು. ಬಿಟ್ಟನಿ."

ದೆವ್ವ ಯಾವಾಗ ದೇವರಾಯಿತು ಎಂದು ಅವನು ಕೇಳಿರಲಿಲ್ಲ. ಗಿರಾಕಿಗಳ ಜೊತೆ ವಾದ ಮಾಡುವ ಸ್ವಭಾವ ಅವನದಲ್ಲ.

ಹೊಸ ಡಿಸ್ಕು, ಹೊಸ ಪ್ಯಾಡು ಬಂದವು. ಡಿಸ್ಕು ಕೂರುವ ಜಾಗದ ತುಕ್ಕನ್ನು ಶಿದ್ಲಿಂಗಪ್ಪ ಉಸುಕಿನ ಕಾಗದದಿಂದ ತಿಕ್ಕಿ ತೆಗೆದ. ನಟ್ಟುಗಳನ್ನು ಒಂದರ ಪಕ್ಕ ಒಂದು ಬಿಗಿಯದೆ, ಎದುರುಬದುರು ಬಿಗಿದ. ಕೊನೆಗೆ ಮೂರು ಮಾತು ಹೇಳಿದ. ಸಣ್ಣ ಗೇರಿನಲ್ಲಿ ಇಳಿ. ಬ್ರೇಕ್ ಒತ್ತಿ ಬಿಡು, ಒತ್ತಿ ಬಿಡು, ಅದರ ಮೇಲೆ ನಿಂತುಕೊಳ್ಳಬೇಡ. ಇಳಿದ ಮೇಲೆ ತಾನಾಗಿ ಆರಲಿ.

"ಎಷ್ಟೊತ್ತು?"

"ಅರ್ಧ ತಾಸು."

ಶುಕ್ರವಾರ ರಾತ್ರಿ. ಅಮಾವಾಸ್ಯೆಗೆ ಎರಡು ದಿನ ಇತ್ತು. ಅಮಾವಾಸ್ಯೆಯೇ ಇತ್ತು ಎಂದು ಹೇಳಿದರೆ ಕತೆಗೆ ಚೆನ್ನ, ಆದರೆ ಇರಲಿಲ್ಲ.

ನಾಗನೂರಿನ ಕುರಿಗಾರ ಮಾಳಪ್ಪ ಹುಕ್ಕೇರಿ ಕಡೆ ಇಪ್ಪತ್ತೆರಡು ಕುರಿ ಕೊಂಡಿದ್ದ. ಹಗಲು ಬಿಸಿಲಿಗೆ ಕುರಿ ಸೊರಗುತ್ತವೆ, ಅದಕ್ಕೇ ರಾತ್ರಿ ಪಯಣ. ಕ್ಯಾಬಿನ್ನಿನಲ್ಲಿ ಮೂವರು. ಸ್ಟೇರಿಂಗಿನಲ್ಲಿ ಸಾಯಿರಾಬಿ, ನಡುವೆ ಮಾಳಪ್ಪ, ಎಡಗಡೆ ಕಿಟಕಿಗೆ ದಸ್ತಗೀರ. ಹುಕ್ಕೇರಿ ಬಿಟ್ಟಾಗಿನಿಂದ ದಸ್ತಗೀರನ ಜೇಬು ಝಣ್ ಝಣ್ ಎನ್ನುತ್ತಲೇ ಇತ್ತು.

ಇಳುಕಲಿನ ತಲೆ ಬಂತು. ಸಾಯಿರಾಬಿ ಎರಡನೇ ಗೇರಿಗೆ ಇಳಿಸಿದಳು. ಇಂಜಿನ್ನು ಗೂಂ... ಎಂದು ಗಾಡಿಯನ್ನು ಹಿಂದಕ್ಕೆ ಹಿಡಿಯಿತು. ಒತ್ತಿದಳು. ಬಿಟ್ಟಳು. ಒತ್ತಿದಳು. ಬಿಟ್ಟಳು. ಮಾಳಪ್ಪ ಕಣ್ಣು ಮುಚ್ಚಿದ್ದ. ದಸ್ತಗೀರ ಸ್ಟೇರಿಂಗನ್ನೇ ನೋಡುತ್ತಿದ್ದ.

ಸ್ಟೇರಿಂಗು ಸುಮ್ಮನಿತ್ತು.

ಅರ್ಧ ಇಳಿದ ಮೇಲೆ ಸಾಯಿರಾಬಿ ಸ್ವಲ್ಪ ಹೊತ್ತು ಒಂದು ಕೈ ತೆಗೆದು ತಲೆಯ ಸೆರಗು ಸರಿ ಮಾಡಿಕೊಂಡಳು. ಸೆರಗು ಸರಿಯಾಗಿಯೇ ಇತ್ತು. ಭಾವ ನೋಡಲಿ ಎಂದು ಮಾಡಿದ್ದು.

ಕೆಳಗೆ ಬಂದರು. ಮಾಳಪ್ಪ ಕಣ್ಣು ತೆಗೆದ.

"ಅಕ್ಕಾರ... ನಿಲ್ಲಸ್ರಿ. ಇಲ್ಲಿ ನಿಲ್ಲಸದ ಹೋದವ್ರ ಇಲ್ಲ."

"ನಿಲ್ಲಸ್ತೇನಿ. ನೀರ ಹಾಕಂಗಿಲ್ಲ."

ಬೇವಿನ ಮರದ ಹತ್ತಿರ ನಿಲ್ಲಿಸಿ ಇಂಜಿನ್ನು ಆರಿಸಿದಳು. ದೀಪ ಆರಿಸಿದಳು. ಟಿಕ್... ಟಿಕ್... ಟಿಕ್... ಎಂದು ಕಾಯ್ದ ಕಬ್ಬಿಣ ಆರುವ ಸದ್ದು ಬಂತು. ಗಾಲಿಗಳಿಂದ ಸುಟ್ಟ ವಾಸನೆ.

ಕೈ ಚಾಚಿದಳು. "ಭಾಯಿ, ಚಾವಿ."

"ಮೊದಲ ನೀರ," ಅಂದ ದಸ್ತಗೀರ. ಬಾಗಿಲು ತೆಗೆದು ಇಳಿದೇಬಿಟ್ಟ. "ನಿನ್ನ ಹಟಕ್ಕ ಮೂರ ಮಂದಿ ಸಾಯಬೇಕೇನ?"

"ಭಾಯಿ, ಗಾಲಿ ಮುಟ್ಟಿದ್ರ ನೋಡ್ರಿ ಮತ್ತ!"

ಅವನು ಕೇಳಲಿಲ್ಲ. ನೀಲಿ ಕೊಡ ನಳದ ಕೆಳಗಿಟ್ಟು ತಿರುಗಿಸಿದ. ಸ್ಸ್ಸ್ಸ್... ಫುಟ್. ಬರೀ ಗಾಳಿ. ಟಾಕಿಗೆ ನೀರೇರಿಸುವ ಮೋಟಾರು ಬುಧವಾರವೇ ಸುಟ್ಟಿತ್ತು. ಪಂಚಾಯಿತಿಯವರು ಬಂದು ನೋಡಿ, ಸುಟ್ಟಿದೆ ಎಂದು ಖಾತ್ರಿ ಮಾಡಿಕೊಂಡು ಹೋಗಿದ್ದರು.

ದಸ್ತಗೀರ ಖಾಲಿ ಕೊಡ ಹಿಡಿದು ಬಾವಿಯ ಪಕ್ಕ ನಿಂತ. ಕಿಟಕಿಯಿಂದ ಸಾಯಿರಾಬಿಯ ಕೈ ಹೊರಗೆ ಬಂದಿತ್ತು. ಅಂಗೈ ಮೇಲೆ ಮಾಡಿ.

"ಸೋತೀರಿ ಭಾಯಿ. ಚಾವಿ ಕೊಡ್ರಿ."

ಅವನು ಚಾವಿ ತೆಗೆದ. ಒಂದು ಗಳಿಗೆ ನೋಡಿದ.

"ತಗೊ. ಬಾವಿ ಕಡಿಂದ ಇಸ್ಕೊ."

ಎಸೆದ. ಠಣ್... ಜಾಳಿಗೆಗೆ ಬಡಿಯಿತು. ಸಂದಿನಲ್ಲಿ ಜಾರಿತು. ಆಮೇಲೆ ಏನೂ ಇಲ್ಲ... ಏನೂ ಇಲ್ಲ... ತುಂಬಾ ಕೆಳಗೆ, ಡುಬುಕ್.

ಆ ಸದ್ದಿನ ಬೆನ್ನಿಗೇ ಹಿಂದಿನ ಕುರಿಗಳು ಸುಮ್ಮನಾದವು. ಒಂದೊಂದಾಗಿ ಅಲ್ಲ. ಇಪ್ಪತ್ತೆರಡೂ ಒಮ್ಮೆಗೇ.

ಕಿರ್ರ್...

ಕಿರ್ರ್... ಕಿರ್ರ್...

ದಸ್ತಗೀರ ಕ್ಯಾಬಿನ್ನಿಗೆ ಹೇಗೆ ಬಂದ ಎಂದು ಅವನಿಗೂ ಗೊತ್ತಿಲ್ಲ, ಮಾಳಪ್ಪನಿಗೂ ಗೊತ್ತಿಲ್ಲ. ಬಾಗಿಲು ತೆಗೆದದ್ದು ಯಾರಿಗೂ ನೆನಪಿಲ್ಲ. ಬಂದಿದ್ದ, ಅಷ್ಟೇ. ಕಿಟಕಿಯ ಗಾಜು ಮೇಲೇರಿಸಿ ತುಟಿಯೊಳಗೇ ಏನೋ ಓದಿಕೊಳ್ಳುತ್ತಿದ್ದ. ಮಾಳಪ್ಪನೂ ಏನೋ ಓದಿಕೊಳ್ಳುತ್ತಿದ್ದ. ಬೇರೆ ಬೇರೆ ಭಾಷೆ, ವಿಷಯ ಒಂದೇ.

"ಅಕ್ಕಾರ, ಗ್ಲಾಸ ಏರಸ್ರಿ..."

"ಸೆಕಿ ಐತಿ," ಅಂದಳು ಸಾಯಿರಾಬಿ. ಏರಿಸಲಿಲ್ಲ.

ಗಡಗಡಿ ನಿಂತಿತು. ಪಚಕ್... ಪಚಕ್... ಒದ್ದೆ ಬರಿಗಾಲಿನ ಹೆಜ್ಜೆ. ಪ್ರತಿ ಹೆಜ್ಜೆಗೆ ಕೊಡದ ಬಾಯಲ್ಲಿ ಡುಳುಕ್... ಡುಳುಕ್... ಸೊಂಟದ ಮೇಲೆ ತುಂಬಿದ ಕೊಡ ಹೊತ್ತವರ ನಡಿಗೆ. ಬೇವಿನ ಮರ ದಾಟಿತು. ಬಲಗಡೆ ಬಂತು. ಅವಳ ಕಿಟಕಿಯ ಕೆಳಗೆ, ಮುಂದಿನ ಗಾಲಿಯ ಹತ್ತಿರ, ನಿಂತಿತು.

ಸಾಯಿರಾಬಿ ಆ ಕಡೆ ನೋಡಲಿಲ್ಲ. ನೋಡಿದ್ದರೆ ಮಾತು ಹೊರಡುತ್ತಿರಲಿಲ್ಲ, ಮಾತಾಡುವುದಿತ್ತು, ಅದಕ್ಕೆ ನೋಡಲಿಲ್ಲ ಎಂದು ನನಗೆ ಹೇಳಿದ್ದಾಳೆ. ನೆಟ್ಟಗೆ ಎದುರಿನ ಕತ್ತಲೆಗೆ ಕಣ್ಣಿಟ್ಟು ಹೇಳಿದಳು.

"ಯವ್ವಾ, ಹಾಕಬ್ಯಾಡ."

ಹೊರಗೆ ಡುಳುಕ್ ಎಂದದ್ದು ನಿಂತಿತು.

"ಡಿಸ್ಕ ಕಾಯ್ದಾವು. ಬೆಂಕಿ ಹತ್ತಿಲ್ಲ, ಬರೇ ಕಾಯ್ದಾವು. ಈಗ ನೀರ ಬಿತ್ತಂದ್ರ ಸೊಟ್ಟ ಆಕ್ಕಾವು. ಇಷ್ಟ ವರ್ಷ ಯಾರೂ ನಿನಗ ಹೇಳಿಲ್ಲ. ನಾ ಹೇಳಾಕತ್ತೇನಿ. ಹೊಸಾವು ಅದಾವು. ಈಗ ಹಾಕಂಗಿಲ್ಲ ಅಂದ್ರ ಹಾಕಂಗಿಲ್ಲ."

ಏನೂ ಇಲ್ಲ. ಗಾಳಿ ಇಲ್ಲ. ಟಿಕ್... ಟಿಕ್... ಕಬ್ಬಿಣ ಆರುತ್ತಿತ್ತು. ಆಮೇಲೆ ಕಿಟಕಿಯ ಕೆಳಗಿಂದ, ಬಹಳ ದಿನ ಮಾತಾಡದ ಮುದುಕಿಯ ಗಂಟಲಲ್ಲಿ, ಪಿಸುಮಾತು.

"ಎಷ್ಟೊತ್ತು?"

"ಅರ್ಧ ತಾಸು," ಅಂದಳು ಸಾಯಿರಾಬಿ.

ಠಣ್. ಕೊಡ ಕಲ್ಲಿನ ಮೇಲೆ ಕೂತಿತು. ಪ್ಲಾಸ್ಟಿಕ್ಕಿನ ಸದ್ದಲ್ಲ. ತಾಮ್ರದ್ದು.

ಸಾಯಿರಾಬಿ ಮೊಬೈಲು ತೆಗೆದು ಹೊತ್ತು ನೋಡಿದಳು. ಹನ್ನೆರಡು ಐವತ್ತೆರಡು.

ಮಾಳಪ್ಪನ ದನಿ ಸೊಳ್ಳೆಯದಷ್ಟಿತ್ತು. "ಅಕ್ಕಾರ, ಹೋಗೂಣು. ಗಾಡಿ ಚಾಲೂ ಮಾಡ್ರಿ."

"ಹೆಂಗ ಹೋಗೂದು? ಅರ್ಧ ತಾಸ ಅಂದೇನಿ. ಇವತ್ತ ಮಾತ ತಪ್ಪಿ ಹೋದ್ರ ನಾಳಿ ಕಾಯ್ದಾಗ ನೀರ ಹಾಕ್ತಾಳ."

"ಸಾಯಿರಾ..." ಅಂದ ದಸ್ತಗೀರ. "ನನಗ... ಕೆಳಗ ಇಳೀಬೇಕಾಗೇತಿ. ಅವಸರ ಐತಿ."

"ಇಳೀರಿ. ಯಾರ ಬ್ಯಾಡ ಅಂದಾರ?"

ದಸ್ತಗೀರ ಇಳಿಯಲಿಲ್ಲ. ತಡೆದುಕೊಂಡ.

ಆ ಅರ್ಧ ತಾಸು ಮೂವರೂ ಹಾಗೇ ಕೂತರು. ಟಿಕ್... ಎಂಬ ಸದ್ದು ದೂರ ದೂರವಾಯಿತು. ಕೊನೆಗೆ ನಿಂತಿತು. ಸಾಯಿರಾಬಿಗೂ ಹೆದರಿಕೆಯಾಗಿತ್ತು. ಮೊಬೈಲು ತೆಗೆದು ತೆಗೆದು ಹೊತ್ತು ನೋಡುತ್ತಿದ್ದಳು. ಹೆದರಿಕೆ ಅವಳಿಗಿತ್ತು, ಗಾಡಿಯೂ ಅವಳದಾಗಿತ್ತು.

ಒಂದು ಇಪ್ಪತ್ತೆರಡು. ಕೊಡ ಕಲ್ಲಿನಿಂದ ಎದ್ದಿತು.

ಇಲ್ಲಿ ಒಂದು ಮಾತು. ಅದು ಯಾರೋ ಕಿಡಿಗೇಡಿ ಮನುಷ್ಯರೇ ಇರಬಹುದು ಎಂದು ಕೆಲವರು ನನಗೆ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಹುಕ್ಕೇರಿ, ಗೋಕಾಕ, ಮೂಡಲಗಿ ಮೂರೂ ತಾಲೂಕಿನಲ್ಲಿ ಅರ್ಧ ತಾಸು ಎಂದು ಹೇಳಿ ಸರಿಯಾಗಿ ಅರ್ಧ ತಾಸಿಗೆ ಎದ್ದ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ.

ಬಲಗಡೆಯ ಗಾಲಿಗೆ ನೀರು ಬಿತ್ತು. ಚುಂಯ್ ಅನ್ನಲಿಲ್ಲ. ಗಳಗಳಗಳ... ಎಂದು ತಣ್ಣಗೆ ಹರಿಯಿತು. ಹೆಜ್ಜೆ ಬಾನೆಟ್ಟಿನ ಮುಂದೆ ಹಾದು ಎಡಕ್ಕೆ ಬಂತು. ದಸ್ತಗೀರ ಮಾಳಪ್ಪನ ತೊಡೆಯ ಮೇಲೆ ಹತ್ತಿ ಕೂತ. ಎಡ ಗಾಲಿಗೂ ಬಿತ್ತು. ಗಳಗಳಗಳ... ನಡುವೆ ಒಂದು ಸಲ, ಠಿಣ್.

ಪಚಕ್... ಪಚಕ್... ಹಿಂದಕ್ಕೆ ಹೋಯಿತು. ಗಡಗಡಿ ಕೆಳಮುಖವಾಗಿ ತಿರುಗಿತು. ಹಿಂದೆ ಒಂದು ಕುರಿ ಬ್ಯಾ ಎಂದಿತು. ಆಮೇಲೆ ಎಲ್ಲವೂ.

ಸಾಯಿರಾಬಿ ಮೊಬೈಲಿನ ದೀಪ ಹಚ್ಚಿ ಇಳಿದಳು. ಮುಂದಿನ ಎರಡೂ ಗಾಲಿ ತೊಳೆದು ಇಟ್ಟಂತಿದ್ದವು. ಹಿಂದಿನ ಎರಡಕ್ಕೆ ಒಂದು ಹನಿ ಬಿದ್ದಿರಲಿಲ್ಲ. ಎಡಗಡೆಯ ಟೈರಿನ ಮೇಲೆ, ಯಾರೋ ಎತ್ತಿಟ್ಟ ಹಾಗೆ, ಎರಡನೇ ಚಾವಿ ಇತ್ತು.

ಅವಳು ತನ್ನ ಚಾವಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಒದ್ದೆ ಚಾವಿಯಿಂದಲೇ ಗಾಡಿ ಚಾಲೂ ಮಾಡಿದಳು. ಸಮ ರಸ್ತೆಗೆ ಬಂದ ಮೇಲೆ ಅರವತ್ತಕ್ಕೆ ಏರಿಸಿ ಬ್ರೇಕ್ ಒತ್ತಿದಳು. ಸ್ಟೇರಿಂಗು ಮಗುವಿನ ಹಾಗೆ ಮಲಗಿತ್ತು. ಮತ್ತೊಮ್ಮೆ ಒತ್ತಿದಳು. ಮೂರನೇ ಸಲ ಒತ್ತಬೇಕಾಗಿರಲಿಲ್ಲ, ಆದರೂ ಒತ್ತಿದಳು.

ಮೇಲವಂಕಿಯಲ್ಲಿ ದಸ್ತಗೀರ ಇಳಿದ. ಮೊದಲು ಗೋಡೆಯ ಮರೆಗೆ ಹೋಗಿ ಬಂದ. ಆಮೇಲೆ ಹೇಳಿದ, "ಆ ಚಾವಿ... ನಿನ್ನ ಕಡೇನ ಇರ್ಲಿ."

"ನನ್ನ ಕಡೇನ ಐತ್ರಿ ಭಾಯಿ," ಅಂದಳು ಸಾಯಿರಾಬಿ. ಕುರಿಗಳನ್ನು ಬೆಳಗಾಗುವುದರೊಳಗೆ ಮೂಡಲಗಿಗೆ ಮುಟ್ಟಿಸಿದಳು.

ಈಗ ಆ ಇಳುಕಲಿನ ಬುಡದಲ್ಲಿ ಯಾರೂ ನೀರು ಹಾಕುವುದಿಲ್ಲ. ಗಾಡಿ ನಿಲ್ಲಿಸಿ ಅರ್ಧ ತಾಸು ಕೂರುತ್ತಾರೆ. ಕಿಟಕಿ ಮುಚ್ಚಿರುತ್ತಾರೆ, ಕೆಳಗೆ ಇಳಿಯುವುದಿಲ್ಲ. ಶಿದ್ಲಿಂಗಪ್ಪನ ಅಂಗಡಿಗೆ ನಮ್ಮ ಕಡೆಯ ಡಿಸ್ಕು ಬರುವುದು ನಿಂತಿದೆ. ದಸ್ತಗೀರ ಮಾತ್ರ ತಾನು ಚಾವಿ ಎಸೆದೇ ಇಲ್ಲ, ಅದು ರಸ್ತೆಯಲ್ಲೇ ಬಿದ್ದಿತ್ತು ಎನ್ನುತ್ತಾನೆ. ಮಾಳಪ್ಪನನ್ನು ಬೇರೆ ಕರೆದು ಕೇಳಿದೆ. "ನನ್ನ ಕುರಿಗಳಾಣಿ, ಡುಬುಕ್ ಅಂದದ್ದ ಕೇಳೇನ್ರಿ," ಅಂದ. ಕುರಿಗಾರ ಸುಮ್ಮಸುಮ್ಮನೆ ಕುರಿಯ ಮೇಲೆ ಆಣೆ ಹಾಕುವುದಿಲ್ಲ. ಬಾವಿಯನ್ನೂ ಹೋಗಿ ನೋಡಿದ್ದೇನೆ, ಹಗಲಲ್ಲಿ. ಬೀಗ ತುಕ್ಕು ಹಿಡಿದು ಕೊಂಡಿಗೆ ಅಂಟಿಕೊಂಡಿದೆ.

ಆ ಎರಡನೇ ಚಾವಿಯನ್ನು ಸಾಯಿರಾಬಿ ಮನೆಯಲ್ಲಿ ಮೊಳೆಗೆ ನೇತುಹಾಕಿದ್ದಾಳೆ. ಅದನ್ನು ಬಳಸುವುದಿಲ್ಲ. ದಿನಾ ಸೆರಗಿನಿಂದ ಒರೆಸುತ್ತಾಳೆ. ಸಂಜೆಗೆ ಮತ್ತೆ ಒದ್ದೆಯಾಗಿರುತ್ತದೆ.

ಖರೆಯೋ ಸುಳ್ಳೋ ಎಂದು ನನ್ನನ್ನು ಕೇಳಬೇಡಿ. ಆ ಮೊಳೆ ಇರುವುದು ನಡುಗೋಡೆಯಲ್ಲಿ. ನಮ್ಮ ಕಡೆಯೂ ಅದೇ ಜಾಗದಲ್ಲಿ ಅಂಗೈಯಗಲ ಹಸಿ ಬಂದಿದೆ. ಇದು ಮೇ ತಿಂಗಳು. ಎರಡು ಸಲ ಸುಣ್ಣ ಬಳಿಸಿದೆ. ನಿಲ್ಲಲಿಲ್ಲ.